ದಿ ಕ್ಯೂರ್: ಯಾವ ಸಿಂಗಲ್ಸ್ ಸಂಕಲನದಿಂದ ಶುರು ಮಾಡಬೇಕು?

ಬ್ರಿಟನ್ನಿನ ರಾಕ್ ಬ್ಯಾಂಡು ದಿ ಕ್ಯೂರ್ ಅನ್ನು ಎಲ್ಲಿಂದ ಕೇಳೋಕೆ ಶುರು ಮಾಡಬೇಕು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಯಾವಾಗಲೂ ಒಂದೇ. 1986ರ ಸಿಂಗಲ್ಸ್ ಸಂಕಲನ. ಆದರೆ ಅಲ್ಲಿಗೆ ಮಾತು ಮುಗಿಯುವುದಿಲ್ಲ. ಆ ಸಂಕಲನ ಎಲ್‌ಪಿಯಲ್ಲಿ, ಅಂದರೆ ದೊಡ್ಡ ರೆಕಾರ್ಡಿನಲ್ಲಿ, ಒಂದು ಥರ ಇದೆ, ಸಿಡಿಯಲ್ಲಿ ಇನ್ನೊಂದು ಥರ, ಕ್ಯಾಸೆಟ್ಟಿನಲ್ಲಿ ಮತ್ತೊಂದು ಥರ. ಹೆಸರೂ ಒಂದೇ ಅಲ್ಲ. ಎಲ್‌ಪಿ ಮತ್ತು ಕ್ಯಾಸೆಟ್ಟಿನ ಹೆಸರು 'ಸ್ಟ್ಯಾಂಡಿಂಗ್ ಆನ್ ಎ ಬೀಚ್'. ಸಿಡಿಯ ಹೆಸರು 'ಸ್ಟೇರಿಂಗ್ ಅಟ್ ದಿ ಸೀ'. ಎರಡು ಹೆಸರೂ ಹುಟ್ಟಿದ್ದು ಬ್ಯಾಂಡಿನ ಮೊದಲ ಸಿಂಗಲ್ಲಿನ ಸಾಲುಗಳಿಂದ. ಮುಖಪುಟದಲ್ಲಿ ಸುಕ್ಕುಗಟ್ಟಿದ ಮುಖದ ಒಬ್ಬ ವಯಸ್ಸಾದ ಮೀನುಗಾರ ಇದ್ದಾನೆ. ಬ್ಯಾಂಡಿನವರ ಫೋಟೋ ಇಲ್ಲ.

ಇದರ ಜೊತೆಗೆ ಇನ್ನೂ ಮೂರು ಸಂಕಲನಗಳು ಕಣ್ಣಿಗೆ ಬೀಳುತ್ತವೆ. 1983ರ 'ಜಪಾನೀಸ್ ವಿಸ್ಪರ್ಸ್', 1997ರ 'ಗಲೋರ್', 2001ರ 'ಗ್ರೇಟೆಸ್ಟ್ ಹಿಟ್ಸ್'. ಹೊಸಬರು ಸಹಜವಾಗಿ ಕೊನೆಯದನ್ನೇ ಎತ್ತಿಕೊಳ್ಳುತ್ತಾರೆ. ಗೊತ್ತಿರುವ ಹಾಡುಗಳೆಲ್ಲ ಅದರಲ್ಲೇ ಇವೆ ಅಲ್ವಾ? ಇವೆ. ಆದರೂ ನಾನು ಅದನ್ನು ಮೊದಲಿಗೆ ಕೊಡುವುದಿಲ್ಲ. ಯಾಕೆ ಅನ್ನೋದೇ ಈ ಬರಹ.

ಸಿಂಗಲ್ಸ್ ಸಂಕಲನ ಯಾಕೆ ಮುಖ್ಯ

1970ರ ದಶಕದ ಕೊನೆಯ ಬ್ರಿಟನ್ನಿನಲ್ಲಿ ಸಿಂಗಲ್ ಅಂದರೆ ಏಳು ಇಂಚಿನ ಪುಟ್ಟ ರೆಕಾರ್ಡು. ಮುಂದಿನ ಬದಿಗೆ ಒಂದು ಹಾಡು, ಹಿಂದಿನ ಬದಿಗೆ ಒಂದು. ಪಂಕ್ ಅನ್ನೋ ಒರಟು, ವೇಗದ ರಾಕ್ ಮತ್ತು ಅದರ ಬೆನ್ನಿಗೇ ಬಂದ ಪೋಸ್ಟ್-ಪಂಕ್ ಬ್ಯಾಂಡುಗಳಿಗೆ ಇದೇ ದೊಡ್ಡ ವೇದಿಕೆ. ತಮ್ಮ ಒಳ್ಳೆಯ ಹಾಡನ್ನು ಸಿಂಗಲ್ಲಾಗಿ ಬಿಟ್ಟು, ಅದನ್ನು ಆಲ್ಬಮ್ಮಿಗೆ ಸೇರಿಸದೆ ಇದ್ದವರು ಎಷ್ಟೋ ಮಂದಿ. ಜಾಯ್ ಡಿವಿಷನ್‌ನ 'ಲವ್ ವಿಲ್ ಟೇರ್ ಅಸ್ ಅಪಾರ್ಟ್' ಅವರ ಎರಡು ಆಲ್ಬಮ್ಮುಗಳಲ್ಲಿ ಒಂದರಲ್ಲೂ ಇಲ್ಲ. ಹಾಗಾಗಿ ಇಂಥ ಬ್ಯಾಂಡುಗಳ ಸಿಂಗಲ್ಸ್ ಸಂಕಲನ ಅಂದರೆ ಸುಮ್ನೆ ಹಿಟ್ ಹಾಡುಗಳ ಗಂಟು ಅಂದುಕೊಳ್ಳಬೇಡಿ. ಬೇರೆಲ್ಲೂ ಸಿಗದ ಹಾಡುಗಳು ಅದರಲ್ಲಿ ಇರುತ್ತವೆ. ಬಜ್‌ಕಾಕ್ಸ್ 1979ರಲ್ಲೇ ತಮ್ಮ 'ಸಿಂಗಲ್ಸ್ ಗೋಯಿಂಗ್ ಸ್ಟೆಡಿ'ಯಲ್ಲಿ ಇದನ್ನು ಅಚ್ಚುಕಟ್ಟಾಗಿ ಮಾಡಿದ್ದರು. ಎಂಟು ಸಿಂಗಲ್ಲುಗಳ ಮುಂಬದಿ ಹಾಡುಗಳು ಎಲ್‌ಪಿಯ ಒಂದು ಕಡೆ, ಅವುಗಳ ಹಿಂಬದಿ ಹಾಡುಗಳು ಅದೇ ಕ್ರಮದಲ್ಲಿ ಇನ್ನೊಂದು ಕಡೆ.

ಕ್ಯೂರ್‌ನ ಮಟ್ಟಿಗೆ ಇನ್ನೊಂದು ಕಾರಣವೂ ಸೇರುತ್ತದೆ. ಈ ಬ್ಯಾಂಡು ಆಲ್ಬಮ್ಮಿನಲ್ಲಿ ಒಂದು ಮುಖ ತೋರಿಸಿದರೆ ಸಿಂಗಲ್ಲಿನಲ್ಲಿ ಇನ್ನೊಂದನ್ನೇ ತೋರಿಸುತ್ತದೆ. 1978ರಿಂದ 1985ರವರೆಗಿನ ಸಿಂಗಲ್ಲುಗಳನ್ನು ಬಂದ ಕ್ರಮದಲ್ಲೇ ಕೇಳಿ. ಚುರುಕಾದ ಹುಡುಗರು ನಿಧಾನಕ್ಕೆ ಕತ್ತಲೆಗೆ ಇಳಿಯುತ್ತಾರೆ. ಇಳಿದು ತಳ ಮುಟ್ಟುತ್ತಾರೆ. ಅಲ್ಲಿಂದ ಯಾರೂ ನಿರೀಕ್ಷಿಸದ ದಾರಿ ಹಿಡಿದು ಕುಣಿಯುತ್ತಾ ಹೊರಗೆ ಬರುತ್ತಾರೆ. ಯಾವ ಸಂಕಲನದಲ್ಲಿ ಈ ಇಳಿತವೂ ಇದೆ, ಈ ಏರಿಕೆಯೂ ಇದೆ? ನಾನು ನೋಡುವುದು ಅದನ್ನೇ.

ಎಲ್‌ಪಿ: ಹದಿಮೂರು ಹಾಡು, ಒಂದೇ ನೇರ ಸಾಲು

'ಸ್ಟ್ಯಾಂಡಿಂಗ್ ಆನ್ ಎ ಬೀಚ್' ಎಲ್‌ಪಿಯಲ್ಲಿ 13 ಹಾಡುಗಳಿವೆ. ಸಿಂಗಲ್ಲಾಗಿ ಬಂದವು, ಬಂದ ಕ್ರಮದಲ್ಲಿ.

ಮೊದಲನೆಯದು 'ಕಿಲ್ಲಿಂಗ್ ಆ್ಯನ್ ಅರಬ್'. 1978ರ ಡಿಸೆಂಬರಿನಲ್ಲಿ ಸ್ಮಾಲ್ ವಂಡರ್ ಅನ್ನೋ ಪುಟ್ಟ ಲೇಬಲ್ಲಿನಲ್ಲಿ ಬಂತು, ಮುಂದಿನ ವರ್ಷ ಫಿಕ್ಷನ್ ಲೇಬಲ್ಲಿನಲ್ಲಿ ಮತ್ತೆ ಬಂತು. ಫ್ರೆಂಚ್ ಲೇಖಕ ಆಲ್ಬೇರ್ ಕಮೂನ 'ದಿ ಸ್ಟ್ರೇಂಜರ್' ಕಾದಂಬರಿಯಲ್ಲಿ ಕಥಾನಾಯಕ ಒಬ್ಬ ಅರಬನನ್ನು ಕೊಲ್ಲುವ ದೃಶ್ಯವನ್ನು ಬ್ಯಾಂಡಿನ ಗಾಯಕ ರಾಬರ್ಟ್ ಸ್ಮಿತ್ ಹಾಡಾಗಿಸಿದ. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಲಿ ಊರಿನ ಹುಡುಗ, ಶಾಲೆ ಬಿಟ್ಟು ಜಾಸ್ತಿ ದಿನ ಆಗಿರಲಿಲ್ಲ. ಹಾಡಿನ ಹೆಸರು ಮುಂದೆ ಅವನಿಗೆ ದೊಡ್ಡ ತಲೆನೋವಾಯಿತು. ಕಾದಂಬರಿ ಗೊತ್ತಿಲ್ಲದವರಿಗೆ ಆ ಹೆಸರು ಬೇರೆ ಥರವೇ ಕೇಳಿಸುತ್ತದೆ. ಅಮೆರಿಕದಲ್ಲಿ ಅರಬ್ ಸಮುದಾಯದ ಸಂಘಟನೆ ಆಕ್ಷೇಪ ಎತ್ತಿದ ಮೇಲೆ, ಈ ಸಂಕಲನದ ಮೇಲೆ ಒಂದು ಚೀಟಿ ಅಂಟಿಸಿದರು. ಹಾಡಿನಲ್ಲಿ ಯಾವ ಜನಾಂಗದ ಮೇಲಿನ ದ್ವೇಷವೂ ಇಲ್ಲ, ಹಾಗೆ ಬಳಸುವುದನ್ನು ಬ್ಯಾಂಡು ಒಪ್ಪುವುದಿಲ್ಲ ಅನ್ನೋ ಅರ್ಥದ ಚೀಟಿ. ಆಮೇಲಿನ ವರ್ಷಗಳಲ್ಲಿ ಸ್ಮಿತ್ ವೇದಿಕೆಯ ಮೇಲೆ ಆ ಸಾಲನ್ನೇ ಬದಲಿಸಿ ಹಾಡಿದ್ದಾನೆ. 2001ರ 'ಗ್ರೇಟೆಸ್ಟ್ ಹಿಟ್ಸ್' ಸಂಕಲನದಲ್ಲಿ ಈ ಹಾಡಿಲ್ಲ. ಇದು ಬೇಡ ಅನ್ನಿಸುವವರ ಮಾತು ನನಗೆ ಅರ್ಥವಾಗುತ್ತದೆ. ಆದರೆ 1986ರ ಸಂಕಲನದ ಹೆಸರೇ ಈ ಹಾಡಿನಿಂದ ಬಂದಿರುವಾಗ, ಇದನ್ನು ಬಿಟ್ಟರೆ ಬ್ಯಾಂಡು ಎಲ್ಲಿಂದ ಹೊರಟಿತು ಅನ್ನೋದು ಗೊತ್ತಾಗುವುದಿಲ್ಲ.

'ಬಾಯ್ಸ್ ಡೋಂಟ್ ಕ್ರೈ' ಮತ್ತು 'ಜಂಪಿಂಗ್ ಸಮ್‌ಒನ್ ಎಲ್ಸಸ್ ಟ್ರೈನ್' ಎರಡೂ 1979ರವು. ಸಣ್ಣವು, ಚುರುಕಾದವು. ಗಿಟಾರು, ಬೇಸು (ತಗ್ಗಿನ ಸ್ವರದ ಗಿಟಾರು), ಡ್ರಮ್ಸು ಇಷ್ಟೇ. 'ಬಾಯ್ಸ್ ಡೋಂಟ್ ಕ್ರೈ' ಬಂದಾಗ ಚಾರ್ಟಿನಲ್ಲಿ ಏನೂ ಆಗಲಿಲ್ಲ ಅಂದರೆ ಈಗ ಯಾರೂ ನಂಬುವುದಿಲ್ಲ. 1986ರಲ್ಲಿ ಸಂಕಲನದ ಪ್ರಚಾರಕ್ಕೆ ಅಂತ ಇದನ್ನೇ ಹೊಸ ದನಿಯಲ್ಲಿ ಹಾಡಿ, ಹೊಸದಾಗಿ ಮಿಕ್ಸ್ ಮಾಡಿ ಸಿಂಗಲ್ಲಾಗಿ ಬಿಟ್ಟರು. ಸಂಕಲನದಲ್ಲಿ ಇರುವುದು ಮಾತ್ರ 1979ರ ಹಳೆಯ ದನಿಯೇ. ಅದೇ ಸರಿ.

ನಾಲ್ಕನೆಯದು 'ಎ ಫಾರೆಸ್ಟ್', 1980. ಇಲ್ಲಿಂದ ಇಳಿತ ಶುರು. ಬ್ಯಾಂಡು ಮೊದಲ ಸಲ ಬ್ರಿಟನ್ನಿನ ಮೊದಲ ನಲವತ್ತರೊಳಗೆ ಬಂದದ್ದು ಇದರಿಂದ, 31ನೇ ಸ್ಥಾನಕ್ಕೆ. ಹೆಡ್‌ಫೋನ್ ಹಾಕಿಕೊಂಡು ಇದರ ಬೇಸ್ ಗಿಟಾರನ್ನು ಮಾತ್ರ ಹಿಂಬಾಲಿಸಿ ನೋಡಿ. ಸೈಮನ್ ಗ್ಯಾಲಪ್ ನುಡಿಸುವ ಆ ಸುರುಳಿ ಹಾಡಿನ ಬೆನ್ನೆಲುಬು. ಡ್ರಮ್ಸ್ ಯಂತ್ರದ ಹಾಗೆ ಒಂದೇ ಸಮ ಬಡಿಯುತ್ತದೆ. ಗಿಟಾರು ಅಲ್ಲಲ್ಲಿ ತಲೆ ಹಾಕಿ ಹೋಗುತ್ತದೆ. ಕೊನೆಗೆ ಒಂದೊಂದೇ ವಾದ್ಯ ಸರಿದು, ಬೇಸ್ ಮಾತ್ರ ಉಳಿದು ನಾಲ್ಕಾರು ಸ್ವರ ನುಡಿಸಿ ನಿಲ್ಲುತ್ತದೆ. ಒಂದು ಎಚ್ಚರಿಕೆ: 'ಸೆವೆಂಟೀನ್ ಸೆಕೆಂಡ್ಸ್' ಆಲ್ಬಮ್ಮಿನಲ್ಲಿ ಈ ಹಾಡು ಸುಮಾರು ಆರು ನಿಮಿಷ ಇದೆ. ಸಿಂಗಲ್ಲಿಗೆ ಕತ್ತರಿಸಿದ್ದಾರೆ. ಸಂಕಲನದ ರೂಪ ಇಷ್ಟವಾದರೆ ಉದ್ದದ್ದನ್ನೂ ಹುಡುಕಿ ಕೇಳಿ. ಈ ಒಂದು ಹಾಡಿಗೆ ಮಾತ್ರ ನನ್ನ ಓಟು ಆಲ್ಬಮ್ಮಿನ ರೂಪಕ್ಕೆ.

ಆಮೇಲೆ 1981ರ 'ಪ್ರೈಮರಿ'. ಇದರಲ್ಲಿ ಗಿಟಾರೇ ಇಲ್ಲ. ಸ್ಮಿತ್ ಒಂದು ಬೇಸ್, ಗ್ಯಾಲಪ್ ಇನ್ನೊಂದು ಬೇಸ್. ಹೇಳದಿದ್ದರೆ ಗೊತ್ತಾಗುವುದು ಕಷ್ಟ, ಒಂದು ಬೇಸಿನ ದನಿಯನ್ನು ಅಷ್ಟು ಬದಲಿಸಿಬಿಟ್ಟಿದ್ದಾರೆ. ಅದೇ ವರ್ಷದ 'ಶಾರ್ಲೆಟ್ ಸಮ್‌ಟೈಮ್ಸ್' ಪೆನೆಲೊಪಿ ಫಾರ್ಮರ್ ಬರೆದ ಮಕ್ಕಳ ಕಾದಂಬರಿಯಿಂದ ಹುಟ್ಟಿದ್ದು. ಕ್ಯೂರ್‌ನ ಆ ಕಾಲದ ಯಾವ ಆಲ್ಬಮ್ಮಿನಲ್ಲೂ ಇದಿಲ್ಲ. ಈ ಸಂಕಲನ ಕೊಳ್ಳಲು ಒಂದೇ ಹಾಡನ್ನು ಕಾರಣ ಕೊಡಿ ಅಂದರೆ ನಾನು ಇದನ್ನೇ ಕೊಡುತ್ತೇನೆ. ದೂರದಲ್ಲಿ ಯಾರೋ ನಿದ್ದೆಗಣ್ಣಿನಲ್ಲಿ ಹಾಡುತ್ತಿರುವ ಹಾಗೆ ಸ್ಮಿತ್‌ನ ದನಿ ಒಂದರ ಮೇಲೊಂದು ಪದರವಾಗಿ ಬರುತ್ತದೆ. ಚಾರ್ಟಿನಲ್ಲಿ 44ಕ್ಕೇ ನಿಂತಿತು. 1982ರ 'ದಿ ಹ್ಯಾಂಗಿಂಗ್ ಗಾರ್ಡನ್' 'ಪೋರ್ನೋಗ್ರಫಿ' ಆಲ್ಬಮ್ಮಿನದು. ಅದೇ ತಳ. ಡ್ರಮ್ಸ್ ತಲೆಗೇ ಬಡಿಯುವ ಹಾಗಿದೆ, ಮಾಧುರ್ಯ ಅನ್ನೋದು ಹುಡುಕಿದರೂ ಸಿಗುವುದಿಲ್ಲ.

ಆ ಆಲ್ಬಮ್ಮಿನ ಪ್ರವಾಸದಲ್ಲಿ ಸ್ಮಿತ್ ಮತ್ತು ಗ್ಯಾಲಪ್ ನಡುವೆ ಸ್ಟ್ರಾಸ್‌ಬರ್ಗಿನಲ್ಲಿ ಹೊಡೆದಾಟವೇ ಆಯಿತು. ಗ್ಯಾಲಪ್ ಬ್ಯಾಂಡು ಬಿಟ್ಟ. ಉಳಿದದ್ದು ಸ್ಮಿತ್ ಮತ್ತು ಲೋಲ್ ಟೋಲ್‌ಹರ್ಸ್ಟ್ ಇಬ್ಬರೇ. ಟೋಲ್‌ಹರ್ಸ್ಟ್ ಡ್ರಮ್ಸ್ ಬಿಟ್ಟು ಕೀಬೋರ್ಡಿಗೆ ಬಂದ. ಫಿಕ್ಷನ್ ಲೇಬಲ್ಲಿನ ಕ್ರಿಸ್ ಪ್ಯಾರಿ ಆಗ ಸ್ಮಿತ್‌ಗೆ ಒಂದು ಮಾತು ಹಾಕಿದ: ಜನ ನಿಮ್ಮ ಬಗ್ಗೆ ಕಟ್ಟಿಕೊಂಡ ಕಲ್ಪನೆಯನ್ನೇ ಒಡೆದುಹಾಕುವಂಥ ಏನಾದರೂ ಮಾಡಿ.

ಹಾಗೆ ಬಂತು 'ಲೆಟ್ಸ್ ಗೋ ಟು ಬೆಡ್'. ಎಲ್‌ಪಿಯಲ್ಲಿ ಇದು 'ದಿ ಹ್ಯಾಂಗಿಂಗ್ ಗಾರ್ಡನ್' ಆದ ತಕ್ಷಣ ಬರುತ್ತದೆ. ಈ ಒಂದು ಜಿಗಿತಕ್ಕಾಗಿಯೇ ನಾನು ಈ ಸಂಕಲನವನ್ನು ಇಷ್ಟು ಒತ್ತಿ ಹೇಳುತ್ತಿರುವುದು. ಹಿಂದಿನ ಹಾಡಿನ ಬಡಿತ ಕಿವಿಯಲ್ಲಿ ಇನ್ನೂ ಇದೆ. ಅಷ್ಟರಲ್ಲಿ ಟೊಳ್ಳು ಟೊಳ್ಳಾದ ಸಿಂಥಸೈಜರ್, ಕುಣಿಸುವ ತಾಳ, ಡೂ ಡೂ ಡೂ ಅನ್ನೋ ಕೋರಸ್ಸು. ಒಂದೇ ವರ್ಷ, ಅದೇ ಮನುಷ್ಯ. ಅಲ್ಲಿಂದ 1983ರ 'ದಿ ವಾಕ್' 12ನೇ ಸ್ಥಾನಕ್ಕೆ ಹೋಯಿತು. 'ದಿ ಲವ್‌ಕ್ಯಾಟ್ಸ್' 7ಕ್ಕೆ ಏರಿ ಅವರ ಮೊದಲ ಟಾಪ್ ಟೆನ್ ಹಾಡಾಯಿತು. ಪ್ಯಾರಿಸ್ಸಿನಲ್ಲಿ ರೆಕಾರ್ಡ್ ಮಾಡಿದ ಹಾಡು ಅದು. ಬೇಸ್ ಗಿಟಾರಿನ ಬದಲು ಜಾಝ್‌ನವರ ಥರ ನಿಂತು ನುಡಿಸುವ ದೊಡ್ಡ ಡಬಲ್ ಬೇಸ್. 1984ರ 'ದಿ ಕ್ಯಾಟರ್‌ಪಿಲ್ಲರ್', 1985ರ 'ಇನ್ ಬಿಟ್ವೀನ್ ಡೇಸ್' ಮತ್ತು 'ಕ್ಲೋಸ್ ಟು ಮಿ'. ಅಷ್ಟು ಹೊತ್ತಿಗೆ ಗ್ಯಾಲಪ್ ವಾಪಸ್ ಬಂದಾಗಿತ್ತು. 'ಇನ್ ಬಿಟ್ವೀನ್ ಡೇಸ್' ಶುರುವಾಗುವ ಆ ಡ್ರಮ್ಸ್ ಹೊಡೆತ ಬೋರಿಸ್ ವಿಲಿಯಮ್ಸ್‌ನದು. ಬ್ಯಾಂಡು ಮತ್ತೆ ಬ್ಯಾಂಡಾಗಿದೆ ಅನ್ನೋದು ಆ ಒಂದೆರಡು ಸೆಕೆಂಡಿನಲ್ಲೇ ಕೇಳಿಸುತ್ತದೆ.

ಎಲ್‌ಪಿ ಮುಗಿಯುವುದು 'ಕ್ಲೋಸ್ ಟು ಮಿ' ಹಾಡಿನ ಚಪ್ಪಾಳೆ ಮತ್ತು ಏದುಸಿರಿನ ಜೊತೆ. ಟಿಮ್ ಪೋಪ್ ಮಾಡಿದ ವಿಡಿಯೋ ನೋಡಿದ್ದರೆ ನೆನಪಿರುತ್ತದೆ. ಐದೂ ಜನರನ್ನು ಒಂದು ಬಟ್ಟೆ ಬೀರುವಿನೊಳಗೆ ತುರುಕಿ, ಆ ಬೀರುವನ್ನು ಬೀಚಿ ಹೆಡ್ ಬಂಡೆಯ ಮೇಲಿಂದ ಸಮುದ್ರಕ್ಕೆ ಉರುಳಿಸುತ್ತಾರೆ. ಒಳಗೆ ನೀರು ತುಂಬುತ್ತಾ ಬರುತ್ತದೆ, ಅವರು ನುಡಿಸುತ್ತಲೇ ಇರುತ್ತಾರೆ.

ಸಿಡಿ: ನಾಲ್ಕು ಹಾಡು ಜಾಸ್ತಿ

'ಸ್ಟೇರಿಂಗ್ ಅಟ್ ದಿ ಸೀ' ಸಿಡಿಯಲ್ಲಿ 17 ಹಾಡು. ಎಲ್‌ಪಿಯ ಹದಿಮೂರೂ ಇವೆ. ಜೊತೆಗೆ '10:15 ಸ್ಯಾಟರ್ಡೇ ನೈಟ್', 'ಪ್ಲೇ ಫಾರ್ ಟುಡೇ', 'ಅದರ್ ವಾಯ್ಸಸ್', 'ಎ ನೈಟ್ ಲೈಕ್ ದಿಸ್'. ಇವನ್ನು ಕೊನೆಗೆ ಒಟ್ಟಿಗೆ ಪೇರಿಸಿಲ್ಲ. ಆಯಾ ಕಾಲದ ಹಾಡುಗಳ ನಡುವೆ ಸೇರಿಸಿದ್ದಾರೆ.

ಜಾಸ್ತಿ ಸಿಗುತ್ತದೆ, ಹಾಗಾದರೆ ಸಿಡಿಯೇ ವಾಸಿ ಅಲ್ವಾ? ಅರ್ಧ ಹೌದು. '10:15 ಸ್ಯಾಟರ್ಡೇ ನೈಟ್' ಸೇರಿದ್ದು ನಿಜಕ್ಕೂ ಲಾಭ. ಮೊದಲ ಸಿಂಗಲ್ಲಿನ ಹಿಂಬದಿಯ ಹಾಡು ಅದು. ಕ್ರಿಸ್ ಪ್ಯಾರಿಯ ಕಿವಿ ನೆಟ್ಟಗಾಗಿದ್ದು ಕ್ರಾಲಿಯ ಹುಡುಗರು ಕಳಿಸಿದ ಡೆಮೊ ಟೇಪಿನಲ್ಲಿದ್ದ ಇದೇ ಹಾಡು ಕೇಳಿ. ಶನಿವಾರ ರಾತ್ರಿ, ನಲ್ಲಿ ತೊಟ್ಟಿಕ್ಕುತ್ತಿದೆ, ಫೋನ್ ಬರುತ್ತಿಲ್ಲ. ಅಷ್ಟೇ ಹಾಡು. ಆ ತೊಟ್ಟಿಕ್ಕುವಿಕೆಯನ್ನು ಗಿಟಾರು ಮತ್ತು ಡ್ರಮ್ಸಿನಲ್ಲೇ ಹಿಡಿದಿದ್ದಾರೆ. 'ಪ್ಲೇ ಫಾರ್ ಟುಡೇ' ಮತ್ತು 'ಅದರ್ ವಾಯ್ಸಸ್' 1980 ಮತ್ತು 1981ರ ಆಲ್ಬಮ್ ಹಾಡುಗಳು. ಇವು ಸೇರುವುದರಿಂದ ಕತ್ತಲೆಯ ಭಾಗ ಇನ್ನಷ್ಟು ಉದ್ದವಾಗುತ್ತದೆ. ನಿಮಗೆ ಆ ಕ್ಯೂರ್ ಜಾಸ್ತಿ ಇಷ್ಟವಾಗಬಹುದು ಅನ್ನಿಸಿದರೆ ಸಿಡಿ ತಗೊಳ್ಳಿ.

ನನಗೆ ತಕರಾರು ಇರುವುದು ಕೊನೆಯ ಬಗ್ಗೆ. ಸಿಡಿ 'ಕ್ಲೋಸ್ ಟು ಮಿ'ಗೆ ನಿಲ್ಲದೆ 'ಎ ನೈಟ್ ಲೈಕ್ ದಿಸ್'ಗೆ ಹೋಗಿ ಮುಗಿಯುತ್ತದೆ. ಹಾಡು ಒಳ್ಳೆಯದೇ, ಸ್ಯಾಕ್ಸೋಫೋನ್ ತುಂಬಿದ ಭಾರವಾದ ಹಾಡು. ಆದರೆ ಕತ್ತಲೆಯಿಂದ ಹೊರಗೆ ಬಂದವರನ್ನು ಮತ್ತೆ ಮೋಡದ ಕೆಳಗೆ ನಿಲ್ಲಿಸಿದ ಹಾಗಾಗುತ್ತದೆ. ಕೆಲವರಿಗೆ ಇದೇ ಇಷ್ಟ. ಮುಂದೆ 1989ರಲ್ಲಿ 'ಡಿಸಿಂಟಿಗ್ರೇಷನ್' ಅನ್ನೋ ಭಾರವಾದ ಆಲ್ಬಂ ಬಂದದ್ದನ್ನು ನೋಡಿದರೆ ಈ ಕೊನೆ ಸುಳ್ಳಲ್ಲ ಅನ್ನುತ್ತಾರೆ. ಆ ವಾದದಲ್ಲೂ ಹುರುಳಿದೆ. ಆದರೂ ನಾನು ಸಿಡಿ ಹಾಕಿದಾಗ ಹದಿನಾರನೆಯ ಹಾಡಿಗೆ ನಿಲ್ಲಿಸುತ್ತೇನೆ.

ಕೊಳ್ಳುವ ದೃಷ್ಟಿಯಿಂದ ಸಿಡಿಯೇ ಸುಲಭ. ಹಳೆಯ ಸಿಡಿ ಆದರೂ ಗೀರು ಜಾಸ್ತಿ ಇಲ್ಲದಿದ್ದರೆ ಹೊಸದರ ಹಾಗೇ ನುಡಿಯುತ್ತದೆ. 1980ರ ದಶಕದ ಸಿಡಿಗಳಲ್ಲಿ ಸಾಮಾನ್ಯವಾಗಿ ದನಿ ಮೆಲ್ಲಗಿರುತ್ತದೆ, ಈಗಿನವುಗಳಷ್ಟು ಜೋರಾಗಿ ಇರುವುದಿಲ್ಲ. ಅದನ್ನು ದೋಷ ಅಂದುಕೊಳ್ಳಬೇಡಿ. ವಾಲ್ಯೂಮ್ ಸ್ವಲ್ಪ ಏರಿಸಿದರೆ ಆಯಿತು. ಮೆಲ್ಲಗಿನ ಭಾಗ ಮೆಲ್ಲಗೇ, ಜೋರಿನ ಭಾಗ ಜೋರಾಗೇ ಕೇಳುತ್ತದೆ.

ಕ್ಯಾಸೆಟ್: ಹಿಂಬದಿಯ ಹಾಡುಗಳ ಖಜಾನೆ

ಮೂರರಲ್ಲಿ ನನಗೆ ತುಂಬಾ ಪ್ರೀತಿ ಇರುವುದು ಕ್ಯಾಸೆಟ್ಟಿನ ಮೇಲೆ. ಒಂದು ಬದಿಗೆ ಎಲ್‌ಪಿಯ ಹದಿಮೂರೂ ಹಾಡು. ಇನ್ನೊಂದು ಬದಿಗೆ ಆ ಸಿಂಗಲ್ಲುಗಳ ಹಿಂಬದಿಯಲ್ಲಿದ್ದ ಹನ್ನೆರಡು ಹಾಡು. ಆಗ ಅವುಗಳಲ್ಲಿ ಎಷ್ಟೋ ಹಾಡುಗಳನ್ನು ಕೇಳಬೇಕಾದರೆ ಹಳೆಯ ಏಳಿಂಚಿನ ರೆಕಾರ್ಡುಗಳನ್ನೇ ಹುಡುಕಿಕೊಂಡು ಹೋಗಬೇಕಿತ್ತು.

ಹಿಂಬದಿ ಅಂದ ತಕ್ಷಣ ಉಳಿದ ಬಳಿದದ್ದು ಅಂತ ಅಂದುಕೊಳ್ಳಬೇಡಿ. 'ಜಂಪಿಂಗ್ ಸಮ್‌ಒನ್ ಎಲ್ಸಸ್ ಟ್ರೈನ್' ಹಿಂದಿದ್ದ 'ಐಯಾಮ್ ಕೋಲ್ಡ್' ಹಾಡಿನಲ್ಲಿ ಹಿನ್ನೆಲೆ ದನಿ ಸೂಸಿ ಆ್ಯಂಡ್ ದಿ ಬ್ಯಾನ್‌ಶೀಸ್ ಬ್ಯಾಂಡಿನ ಗಾಯಕಿ ಸೂಸಿ ಸೂ ಅವರದು. ಆ ದಿನಗಳಲ್ಲಿ ಕ್ಯೂರ್ ಅವರ ಬ್ಯಾಂಡಿನ ಜೊತೆ ಪ್ರವಾಸ ಹೋಗಿತ್ತು. ಅವರ ಗಿಟಾರ್ ವಾದಕ ನಡುದಾರಿಯಲ್ಲಿ ಕೈಕೊಟ್ಟಾಗ ಸ್ಮಿತ್ ತನ್ನ ಬ್ಯಾಂಡಿನ ಕಛೇರಿ ಮುಗಿಸಿ, ಅದೇ ರಾತ್ರಿ ಅವರಿಗೂ ಗಿಟಾರ್ ನುಡಿಸುತ್ತಿದ್ದ. 'ಎ ಫಾರೆಸ್ಟ್' ಹಿಂದಿನ 'ಅನದರ್ ಜರ್ನಿ ಬೈ ಟ್ರೈನ್' ಅನ್ನೋದು ಅದೇ ರೈಲಿನ ಹಾಡನ್ನು ಮಾತಿಲ್ಲದೆ ಮತ್ತೆ ಓಡಿಸಿದ್ದು. 'ಪ್ರೈಮರಿ' ಹಿಂದಿನ 'ಡಿಸೆಂಟ್' ಕೂಡ ಬರೀ ವಾದ್ಯಗಳದು. 'ಶಾರ್ಲೆಟ್ ಸಮ್‌ಟೈಮ್ಸ್' ಹಿಂದಿನ 'ಸ್ಪ್ಲಿಂಟರ್ಡ್ ಇನ್ ಹರ್ ಹೆಡ್' ಮಾತ್ರ ಬೆಚ್ಚಿ ಬೀಳಿಸುತ್ತದೆ. ಮುಂದಿನ ವರ್ಷ 'ಪೋರ್ನೋಗ್ರಫಿ'ಯಲ್ಲಿ ಬರಲಿರುವ ಡ್ರಮ್ಸಿನ ಬಡಿತ ಪೂರ್ತಿಯಾಗಿ ಇದರಲ್ಲೇ ಇದೆ. ಮುಂಬದಿಯಲ್ಲಿ ಕನಸಿನ ಥರದ ಹಾಡು, ಹಿಂಬದಿಯಲ್ಲಿ ಅದೇ ಕಾದಂಬರಿಯ ದುಃಸ್ವಪ್ನ. ಇನ್ನು 'ಇನ್ ಬಿಟ್ವೀನ್ ಡೇಸ್' ಹಿಂದಿನ 'ದಿ ಎಕ್ಸ್‌ಪ್ಲೋಡಿಂಗ್ ಬಾಯ್' ಬೇರೆ ಬ್ಯಾಂಡಿನ ಕೈಯಲ್ಲಿದ್ದರೆ ಅದನ್ನೇ ಸಿಂಗಲ್ ಮಾಡಿರುತ್ತಿದ್ದರು.

ಎರಡೂ ಬದಿಗಳನ್ನು ಒಂದರ ಹಿಂದೆ ಒಂದು ಕೇಳಿದಾಗ ಅದೇ ಕಥೆ ಎರಡು ಸಲ ನಡೆಯುತ್ತದೆ. ಮೊದಲು ಅಂಗಡಿ ಮುಂದೆ ಜೋಡಿಸಿಟ್ಟ ರೂಪ, ಆಮೇಲೆ ಹಿತ್ತಲಿನ ರೂಪ. ಬೇರೆ ಯಾವ ರೂಪದಲ್ಲೂ ಈ ಅನುಭವ ಇಲ್ಲ.

ತೊಂದರೆಗಳೂ ಇವೆ. ಕ್ಯಾಸೆಟ್ ಪ್ಲೇಯರ್ ಇರುವ ಮನೆ ಈಗ ಕಡಿಮೆ. ಹಳೆಯ ಕ್ಯಾಸೆಟ್ ತಗೊಳ್ಳುವ ಮುಂಚೆ ಒಂದು ವಿಷಯ ಗಮನಿಸಿ. ಟೇಪು ಹೊರಗೆ ಕಾಣುವ ಕಡೆ, ಮಧ್ಯದಲ್ಲಿ, ಟೇಪಿನ ಹಿಂದೆ ಒಂದು ಪುಟ್ಟ ಉಣ್ಣೆಯ ತುಂಡು ಇರುತ್ತದೆ. ಅದು ಉದುರಿದ್ದರೆ ದನಿ ಮಂಕಾಗಿ, ಏರಿಳಿದು ಕೇಳುತ್ತದೆ. ನೋಡಿಯೇ ತಗೊಳ್ಳಿ. ಕವರಿನ ಮೇಲೆ ಹಿಂಬದಿ ಹಾಡುಗಳ ಪಟ್ಟಿ ಇದೆಯೇ ಅನ್ನೋದನ್ನೂ ನೋಡಿಕೊಳ್ಳಿ.

ಕ್ಯಾಸೆಟ್ಟಿನ ಗೋಜೇ ಬೇಡ, ಹಾಡುಗಳು ಮಾತ್ರ ಸಾಕು ಅನ್ನುವವರಿಗೆ 2004ರ 'ಜಾಯಿನ್ ದಿ ಡಾಟ್ಸ್' ಇದೆ. ನಾಲ್ಕು ಸಿಡಿ, 70 ಹಾಡು, 1978ರಿಂದ 2001ರವರೆಗಿನ ಹಿಂಬದಿ ಹಾಡುಗಳು ಮತ್ತು ಅಪರೂಪದವು. ಮೇಲೆ ಹೇಳಿದ ಐದೂ ಅದರಲ್ಲಿವೆ. ಆದರೆ ಅದನ್ನು ಮೊದಲಿಗೇ ತಗೊಳ್ಳಬೇಡಿ. ಮುಂಬದಿ ಗೊತ್ತಿಲ್ಲದೆ ಹಿಂಬದಿ ಕೇಳಿದರೆ ಅದರ ರುಚಿ ಹತ್ತುವುದಿಲ್ಲ.

ಜಪಾನೀಸ್ ವಿಸ್ಪರ್ಸ್: ತಿರುವಿನ ಒಂದು ವರ್ಷ

1983ರ ಕೊನೆಗೆ ಬಂದ ಈ ಸಂಕಲನದಲ್ಲಿ ಎಂಟೇ ಹಾಡು. 'ಲೆಟ್ಸ್ ಗೋ ಟು ಬೆಡ್', 'ದಿ ವಾಕ್', 'ದಿ ಲವ್‌ಕ್ಯಾಟ್ಸ್' ಮೂರು ಸಿಂಗಲ್, ಉಳಿದ ಐದು ಅವುಗಳ ಹಿಂಬದಿಯವು. ಚಿಕ್ಕದು, ಚೊಕ್ಕದು. ಸಿಂಥಸೈಜರ್ ಸಂಗೀತ ಇಷ್ಟಪಡುವವರಿಗೆ ಹೇಳಿ ಮಾಡಿಸಿದ ಹಾಗಿದೆ. 'ಜಸ್ಟ್ ಒನ್ ಕಿಸ್' ಮತ್ತು 'ದಿ ಅಪ್‌ಸ್ಟೇರ್ಸ್ ರೂಮ್' ಎರಡಕ್ಕಾಗಿಯಾದರೂ ಒಮ್ಮೆ ಕೇಳಬೇಕು. ಆದರೆ ಇದೊಂದನ್ನೇ ಕೇಳಿದವರಿಗೆ ಕ್ಯೂರ್ ಒಂದು ತಮಾಷೆಯ ಪಾಪ್ ಬ್ಯಾಂಡು ಅನ್ನಿಸಿಬಿಡುತ್ತದೆ. ಎರಡನೆಯದಾಗಿ ತಗೊಳ್ಳಿ.

ಗಲೋರ್: ಮುಂದಿನ ಹತ್ತು ವರ್ಷ

'ಗಲೋರ್' 1986ರ ಸಂಕಲನ ನಿಂತಲ್ಲಿಂದ ಮುಂದೆ ಹೋಗುತ್ತದೆ. 1987ರಿಂದ 1997ರವರೆಗಿನ 18 ಹಾಡು, ಇದೂ ಬಂದ ಕ್ರಮದಲ್ಲೇ. 'ಜಸ್ಟ್ ಲೈಕ್ ಹೆವನ್', 'ಲಲಬೈ', 1989ರಲ್ಲಿ ಅಮೆರಿಕದ ಚಾರ್ಟಿನಲ್ಲಿ 2ನೇ ಸ್ಥಾನಕ್ಕೆ ಹೋದ 'ಲವ್‌ಸಾಂಗ್', 'ಪಿಕ್ಚರ್ಸ್ ಆಫ್ ಯು', 1992ರ 'ಫ್ರೈಡೇ ಐಯಾಮ್ ಇನ್ ಲವ್' ಎಲ್ಲ ಇಲ್ಲಿವೆ. ನಿಮಗೆ ಈಗಾಗಲೇ ಗೊತ್ತಿರುವ ಕ್ಯೂರ್ ಹಾಡು ಇವುಗಳಲ್ಲಿ ಒಂದಾಗಿದ್ದರೆ ಇದರಿಂದಲೇ ಶುರು ಮಾಡಿದರೂ ತಪ್ಪಿಲ್ಲ.

ಮೊದಲ ಹನ್ನೆರಡು ಹದಿಮೂರು ಹಾಡು ಅದ್ಭುತ. 1996ರ ಸಿಂಗಲ್ಲುಗಳು ಬಂದಾಗ ಕಾವು ಇಳಿಯುತ್ತದೆ, 'ಮಿಂಟ್ ಕಾರ್' ಒಂದನ್ನು ಬಿಟ್ಟರೆ. ಇಲ್ಲಿ ಸಿಂಗಲ್ಲುಗಳು ಹೆಚ್ಚುಕಡಿಮೆ ಆಲ್ಬಮ್ಮುಗಳಿಂದಲೇ ಬಂದವು. ಹಾಗಾಗಿ ಬೇರೆಲ್ಲೂ ಸಿಗದ ಹಾಡು ಅನ್ನೋ ಆಕರ್ಷಣೆ ಕಡಿಮೆ. 'ಡಿಸಿಂಟಿಗ್ರೇಷನ್' ಆಲ್ಬಂ ಕೊಳ್ಳುವ ಯೋಚನೆ ನಿಮಗಿದ್ದರೆ ಇಲ್ಲಿನ ನಾಲ್ಕು ಹಾಡು ಅದರಲ್ಲೇ ಬಂದುಬಿಡುತ್ತವೆ. ಆ ಹಾಡುಗಳಿಗೆ ಜಾಗವೂ ಅದೇ. 'ಪಿಕ್ಚರ್ಸ್ ಆಫ್ ಯು' ಸಿಂಗಲ್ಲಿಗಾಗಿ ಕತ್ತರಿಸಿದ ಹಾಡು. ಮಾತು ಶುರುವಾಗುವ ಮುಂಚಿನ ಆ ಉದ್ದನೆಯ ಗಿಟಾರ್ ಭಾಗವೇ ಅದರ ಜೀವ, ಪೂರ್ತಿ ಬೇಕಾದರೆ ಆಲ್ಬಮ್ಮಿಗೇ ಹೋಗಬೇಕು.

ಗ್ರೇಟೆಸ್ಟ್ ಹಿಟ್ಸ್: ಎಲ್ಲ ಇದೆ, ಕಣಿವೆ ಇಲ್ಲ

ಈಗ ಎಲ್ಲರೂ ಮೊದಲು ಎತ್ತಿಕೊಳ್ಳುವ 2001ರ ಸಂಕಲನ. 18 ಹಾಡು, ಅದರಲ್ಲಿ ಎರಡು ಹೊಸವು. ದೇಶದಿಂದ ದೇಶಕ್ಕೆ ಪಟ್ಟಿ ಕೊಂಚ ಬದಲಾಗುತ್ತದೆ. ಕಾರಿನಲ್ಲಿ ಹಾಕಲು, ಮನೆಗೆ ನಾಲ್ಕು ಜನ ಬಂದಾಗ ಹಾಕಲು ಇದಕ್ಕಿಂತ ಒಳ್ಳೆಯದಿಲ್ಲ. ಹೊಸ ಹಾಡುಗಳಲ್ಲಿ 'ಕಟ್ ಹಿಯರ್' ಮನಸ್ಸಿಗೆ ತಟ್ಟುತ್ತದೆ. 1997ರಲ್ಲಿ ತೀರಿಕೊಂಡ ಗೆಳೆಯ, ದಿ ಅಸೋಸಿಯೇಟ್ಸ್ ಬ್ಯಾಂಡಿನ ಬಿಲ್ಲಿ ಮೆಕೆಂಜಿಯನ್ನು ನೆನೆದು ಸ್ಮಿತ್ ಬರೆದದ್ದು. ಎರಡು ಸಿಡಿಯ ಆವೃತ್ತಿ ಸಿಕ್ಕರೆ ಬಿಡಬೇಡಿ. ಅದೇ ಹದಿನೆಂಟು ಹಾಡುಗಳನ್ನು ಬ್ಯಾಂಡು ಅಕೂಸ್ಟಿಕ್ ವಾದ್ಯಗಳಲ್ಲಿ ಮತ್ತೆ ನುಡಿಸಿದ್ದು ಎರಡನೆಯ ಸಿಡಿಯಲ್ಲಿದೆ. ನನಗೆ ಮೊದಲ ಸಿಡಿಗಿಂತ ಅದೇ ಇಷ್ಟ. 'ಎ ಫಾರೆಸ್ಟ್' ಆ ರೂಪದಲ್ಲೂ ಒಂದು ಚೂರೂ ಬಲ ಕಳೆದುಕೊಂಡಿಲ್ಲ.

ಹಾಗಾದರೆ ತಕರಾರೇನು? ಪಟ್ಟಿ ನೋಡಿ. 1980ರ 'ಎ ಫಾರೆಸ್ಟ್' ಆದ ಮೇಲೆ ನೇರವಾಗಿ 'ಲೆಟ್ಸ್ ಗೋ ಟು ಬೆಡ್'. ನಡುವೆ ಇರಬೇಕಾದ 'ಪ್ರೈಮರಿ' ಇಲ್ಲ, 'ಶಾರ್ಲೆಟ್ ಸಮ್‌ಟೈಮ್ಸ್' ಇಲ್ಲ, 'ದಿ ಹ್ಯಾಂಗಿಂಗ್ ಗಾರ್ಡನ್' ಇಲ್ಲ. ಅವು ದೊಡ್ಡ ಹಿಟ್ ಆಗಿರಲಿಲ್ಲ, ನಿಜ. ಆದರೆ ಆ ಮೂರು ಹಾಡು ಹೋದರೆ ಎರಡು ವರ್ಷ ಹೋದ ಹಾಗೆ. ಬ್ಯಾಂಡು ಒಡೆದು ಚೂರಾದ ವರ್ಷಗಳವು. ಅವಿಲ್ಲದೆ 'ಲೆಟ್ಸ್ ಗೋ ಟು ಬೆಡ್' ಬರೀ ಒಂದು ಲವಲವಿಕೆಯ ಹಾಡಾಗಿ ಕೇಳಿಸುತ್ತದೆ. ಅದರ ಹಿಂದಿನ ಹಠ, ಎಲ್ಲವನ್ನೂ ಬಿಟ್ಟು ಹೊಸದಾಗಿ ಶುರು ಮಾಡುವ ಆ ಧೈರ್ಯ ಕಾಣುವುದಿಲ್ಲ. 'ದಿ ಲವ್‌ಕ್ಯಾಟ್ಸ್' ಹಾಡಿನ ಕುಣಿತದ ಬೆಲೆಯೂ ತಿಳಿಯುವುದಿಲ್ಲ.

ಯಾರಿಗೆ ಯಾವುದು

ಹೊಸಬರಿಗೆ, ಕೂತು ಕೇಳುವ ತಾಳ್ಮೆ ಇರುವವರಿಗೆ: 'ಸ್ಟ್ಯಾಂಡಿಂಗ್ ಆನ್ ಎ ಬೀಚ್' ಎಲ್‌ಪಿಯ ಹದಿಮೂರು ಹಾಡು, ಅದೇ ಕ್ರಮದಲ್ಲಿ. ಎಲ್‌ಪಿ ಪ್ಲೇಯರ್ ಇಲ್ಲದಿದ್ದರೆ ಸಿಡಿ. ಗಿಟಾರು ಬೇಸು ನುಡಿಸಲು ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಖಂಡಿತ ಸಿಡಿಯೇ. 'ಪ್ಲೇ ಫಾರ್ ಟುಡೇ', 'ಎ ಫಾರೆಸ್ಟ್', 'ಪ್ರೈಮರಿ', 'ಅದರ್ ವಾಯ್ಸಸ್' ಬೇಸ್ ಕಲಿಯುವವರಿಗೆ ಪಾಠವೇ ಸರಿ. ಎರಡು ಮೂರು ಹಾಡು ಮಾತ್ರ ಗೊತ್ತು, ಇನ್ನೂ ಹತ್ತಿಪ್ಪತ್ತು ಕೇಳಿದರೆ ಸಾಕು ಅನ್ನುವವರಿಗೆ 'ಗ್ರೇಟೆಸ್ಟ್ ಹಿಟ್ಸ್'. ಈಗಾಗಲೇ ಆಲ್ಬಮ್ಮುಗಳೆಲ್ಲ ಇರುವವರಿಗೆ ಕ್ಯಾಸೆಟ್, ಅಥವಾ 'ಜಾಯಿನ್ ದಿ ಡಾಟ್ಸ್'.

ಫೋನಿನಲ್ಲೇ ಕೇಳುವವರು ಎಲ್‌ಪಿಯ ಸಾಲನ್ನು ನೀವೇ ಪ್ಲೇಲಿಸ್ಟ್ ಮಾಡಿಕೊಳ್ಳಬಹುದು. ಎರಡು ಕಡೆ ಹುಷಾರು. 'ಎ ಫಾರೆಸ್ಟ್' ಉದ್ದದ್ದು ಬಂದರೆ ಪರವಾಗಿಲ್ಲ, ಹಾಗೇ ಬಿಡಿ. ಆದರೆ 'ಕ್ಲೋಸ್ ಟು ಮಿ' ಹಾಡಿಗೆ ಎರಡು ರೂಪ ಇದೆ. ಆಲ್ಬಮ್ಮಿನದರಲ್ಲಿ ತುತ್ತೂರಿಗಳಿಲ್ಲ, ಸಿಂಗಲ್ಲಿಗೆ ಮಾಡಿದ ಮಿಕ್ಸಿನಲ್ಲಿ ಅವು ಬಂದು ಸೇರಿಕೊಳ್ಳುತ್ತವೆ. ಇನ್ನು 1990ರ 'ಕ್ಲೋಸೆಸ್ಟ್ ಮಿಕ್ಸ್' ಅನ್ನೋದು ಮೂರನೆಯದು, ಅದು 'ಗಲೋರ್'ನಲ್ಲಿದೆ. ಪ್ಲೇಲಿಸ್ಟಿನ ಕೊನೆಗೆ ತುತ್ತೂರಿ ಇರುವುದನ್ನು ಹಾಕಿ, ಶಫಲ್ ಆಫ್ ಮಾಡಿ.